ಮೀನುಗಾರಿಕೆ ಪದವಿ ಮತ್ತು ಕಡಲ ಕಾನೂನು: ನಡುವೆ ಬಿಟ್ಟುಹೋದ ಪಾಠ

ಮಲ್ಪೆಯಲ್ಲೋ ಮಂಗಳೂರಿನ ಧಕ್ಕೆಯಲ್ಲೋ (ಮೀನು ಇಳಿಸುವ ಕಟ್ಟೆ) ಆಳಸಮುದ್ರದ ಟ್ರಾಲ್ ಬೋಟು ಖಾಲಿಯಾಗುವಾಗ ಮೀನು ಎರಡು ದಾರಿ ಹಿಡಿಯುತ್ತದೆ. ಅಂಜಲ್, ಬೊಂಡಾಸ್, ಪಾಂಬೊಲ್, ದೊಡ್ಡ ಮದ್ಮಲ್ ಇವೆಲ್ಲ ಜಾತಿವಾರು ಬುಟ್ಟಿಗೆ ಬಿದ್ದು ಏಲಂಗೆ ಹೋಗುತ್ತವೆ. ಉಳಿದದ್ದನ್ನು ಸಲಿಕೆಯಲ್ಲಿ ಬಾಚಿ ಲಾರಿಗೆ ತುಂಬುತ್ತಾರೆ. ಅದು ಫಿಶ್‌ಮೀಲ್, ಅಂದರೆ ಮೀನಿನ ಪುಡಿ ಮಾಡುವ ಕಾರ್ಖಾನೆಯ ಪಾಲು. ಆ ರಾಶಿಯಲ್ಲಿ ಬೆರಳುದ್ದದ ಮದ್ಮಲ್ ಮರಿಗಳೂ ಇರುತ್ತವೆ. ಇನ್ನು ಕೆಲವು ತಿಂಗಳು ನೀರಿನಲ್ಲಿದ್ದಿದ್ದರೆ ಅವೇ ಮೀನುಗಳನ್ನು ಸುರಿಮಿ (ಅರೆದ ಮೀನಿನ ಮಾಂಸದ ಮುದ್ದೆ) ಕಾರ್ಖಾನೆ ಒಳ್ಳೆ ದರಕ್ಕೆ ಕೊಳ್ಳುತ್ತಿತ್ತು. ಈಗ ಅಂಥ ನಾಲ್ಕೈದು ಕೆ.ಜಿ. ಹಸಿ ಮೀನನ್ನು ಬೇಯಿಸಿ, ಒಣಗಿಸಿ, ಅರೆದರೆ ಒಂದು ಕೆ.ಜಿ. ಪುಡಿ ಸಿಗುತ್ತದೆ.

ಈ ಲಾರಿಯ ಹೊರೆ ಕಡಿಮೆಯಾಗಬೇಕೆಂದರೆ ಯಾರಿಗೆ ಏನು ಗೊತ್ತಿರಬೇಕು? ಮದ್ಮಲ್ ಯಾವ ಗಾತ್ರದಲ್ಲಿ ಮೊಟ್ಟೆಗೆ ಬರುತ್ತದೆ ಎಂಬುದು ಜೀವವಿಜ್ಞಾನ. ಮರಿ ತಪ್ಪಿಸಿಕೊಳ್ಳುವಂತೆ ಬಲೆ ಹೆಣೆಯುವುದು ಎಂಜಿನಿಯರಿಂಗ್. ಆ ಬಲೆಯನ್ನು ಕಡ್ಡಾಯ ಮಾಡುವ ಅಧಿಕಾರ ಬೆಂಗಳೂರಿಗಿದೆಯೋ ದೆಹಲಿಗಿದೆಯೋ ಎಂಬುದು ಸಂವಿಧಾನದ ಪ್ರಶ್ನೆ. ಬಲೆ ಬದಲಿಸಿದ ಬೋಟಿನವನಿಗೆ ಮೊದಲ ತಿಂಗಳು ಆಗುವ ನಷ್ಟ ಅರ್ಥಶಾಸ್ತ್ರಕ್ಕೆ ಸೇರಿದ್ದು. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಈ ನಾಲ್ಕನ್ನೂ ಕಲಿಸುತ್ತಾರೆ, ಆದರೆ ನಾಲ್ಕು ಬೇರೆ ಬೇರೆ ಕಟ್ಟಡಗಳಲ್ಲಿ. ಧಕ್ಕೆಯಲ್ಲಿ ಮಾತ್ರ ಇವು ಒಂದೇ ಬುಟ್ಟಿಯಲ್ಲಿ ಬರುತ್ತವೆ. ಮೀನುಗಾರಿಕೆ ಮತ್ತು ಕಡಲ ನೀತಿಯನ್ನು ಓದಬೇಕೆನ್ನುವ ವಿದ್ಯಾರ್ಥಿ ಎದುರಿಸುವ ಮೊದಲ ತೊಡಕು ಇದು.

ಕಾಲೇಜು ಏನು ಕಲಿಸುತ್ತದೆ

ಮಂಗಳೂರಿನ ಮೀನುಗಾರಿಕೆ ಕಾಲೇಜು 1969ರಲ್ಲಿ ಶುರುವಾಯಿತು. ಈಗ ಅದು ಬೀದರ್‌ನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ಪಿಯುಸಿಯಲ್ಲಿ ಭೌತ, ರಸಾಯನ, ಜೀವವಿಜ್ಞಾನ ಓದಿದವರು ಸಿಇಟಿ ಮೂಲಕ ಇಲ್ಲಿನ ಮೀನುಗಾರಿಕೆ ವಿಜ್ಞಾನ ಪದವಿಗೆ, ಬಿಎಫ್‌ಎಸ್‌ಸಿಗೆ, ಸೇರಬಹುದು. ಕೃಷಿಕರ ಕೋಟಾದವರಿಗೆ ಪ್ರಾಯೋಗಿಕ ಪರೀಕ್ಷೆ ಪ್ರತ್ಯೇಕವಾಗಿದೆ. ನೀಟ್ ಬೇಕಿಲ್ಲ. ನಾಲ್ಕು ವರ್ಷ, ಎಂಟು ಸೆಮಿಸ್ಟರ್. ಕೊನೆಯ ವರ್ಷದಲ್ಲಿ ಹಳ್ಳಿಯ ಮೀನುಗಾರಿಕೆ ಅನುಭವ ಮತ್ತು ಕಾರ್ಖಾನೆ ತರಬೇತಿ ಇರುತ್ತದೆ.

ಪಠ್ಯಕ್ರಮದ ಚೌಕಟ್ಟು ದೇಶಕ್ಕೆಲ್ಲ ಒಂದೇ, ಅದನ್ನು ಭಾರತೀಯ ಕೃಷಿ ಸಂಶೋಧನಾ ಪರಿಷತ್ತು ಹಾಕಿಕೊಡುತ್ತದೆ. ಅದರಲ್ಲಿ ತೂಕ ಎತ್ತ ವಾಲಿದೆ ಎಂದು ನೋಡಿದರೆ ಉತ್ತರ ಸ್ಪಷ್ಟ: ಮೀನು ಸಾಕಣೆ, ಮರಿ ಉತ್ಪಾದನೆ, ಆಹಾರ, ರೋಗ, ಸಂಸ್ಕರಣೆ. ಇದಕ್ಕೆ ಕಾರಣವೂ ಇದೆ. 2022-23ರಲ್ಲಿ ದೇಶದ ಒಟ್ಟು ಮೀನು ಉತ್ಪಾದನೆ ಸುಮಾರು 175 ಲಕ್ಷ ಟನ್. ಅದರಲ್ಲಿ ಕಡಲಿನದು 44 ಲಕ್ಷ ಟನ್ ಮಾತ್ರ. ಉಳಿದದ್ದು ಕೆರೆ, ಹೊಂಡ, ಜಲಾಶಯಗಳದ್ದು. ಕೆಲಸ ಸಿಗುವುದೂ ಹೆಚ್ಚಾಗಿ ಅಲ್ಲೇ, ಅದರಲ್ಲೂ ಆಂಧ್ರದ ಸಿಗಡಿ ಹೊಂಡಗಳು ಮತ್ತು ಮೀನಿನ ಆಹಾರದ ಕಂಪನಿಗಳಲ್ಲಿ. ಹೀಗಾಗಿ ಮೀನುಗಾರಿಕೆಯ ನೀತಿ ಮತ್ತು ಕಾನೂನು ಎಂಬ ವಿಷಯ ಪಠ್ಯದಲ್ಲಿದ್ದರೂ ಒಂದು ಮೂಲೆಯಲ್ಲಿದೆ. ವಿದ್ಯಾರ್ಥಿ ಕಾಯ್ದೆಗಳ ಹೆಸರು ಮತ್ತು ಇಸವಿ ಬಾಯಿಪಾಠ ಮಾಡಿ ಪಾಸಾಗುತ್ತಾನೆ. ಒಂದು ಅಧಿಸೂಚನೆಯನ್ನು ಮುಂದಿಟ್ಟುಕೊಂಡು ಇದು ಧಕ್ಕೆಯಲ್ಲಿ ಜಾರಿಯಾಗುತ್ತದೆಯೇ, ಆಗದಿದ್ದರೆ ಎಲ್ಲಿ ತಪ್ಪುತ್ತದೆ ಎಂದು ತರಗತಿಯಲ್ಲಿ ಬಿಡಿಸಿ ನೋಡುವುದು ಅಪರೂಪ.

ಕಾನೂನು ಕಾಲೇಜಿನ ಕಥೆ ಇದರ ತಿರುವುಮುರುವು. ಅಲ್ಲಿ ವಿಶ್ವಸಂಸ್ಥೆಯ ಕಡಲ ಕಾನೂನು ಒಪ್ಪಂದ ಪಾಠವಾಗುತ್ತದೆ. ಮೀನಿನ ಬಲೆಯ ಕಣ್ಣನ್ನು ಯಾರೂ ಕೈಯಲ್ಲಿ ಹಿಡಿದು ನೋಡಿರುವುದಿಲ್ಲ.

35 ಮಿ.ಮೀ. ಎಂದರೆ ಏನು

ನೀತಿ ಓದುವವರು ಇಲ್ಲಿಂದಲೇ ಶುರು ಮಾಡುವುದು ಒಳ್ಳೆಯದು. ಟ್ರಾಲ್ ಬಲೆ ಒಂದು ಉದ್ದನೆಯ ಲಾಳಿಕೆ ಇದ್ದಂತೆ. ಮುಂದೆ ಎರಡು ರೆಕ್ಕೆ, ಅವನ್ನು ಅಗಲಿಸಿ ಹಿಡಿಯುವ ಎರಡು ಹಲಗೆ, ನಡುವೆ ಹೊಟ್ಟೆ, ಕೊನೆಯಲ್ಲಿ ಮೀನು ಶೇಖರವಾಗುವ ತುದಿಚೀಲ. ಮರಿ ಉಳಿಯುತ್ತದೋ ಸಾಯುತ್ತದೋ ಎಂಬುದು ಬಹುಮಟ್ಟಿಗೆ ಈ ತುದಿಚೀಲದಲ್ಲಿ ತೀರ್ಮಾನವಾಗುತ್ತದೆ. ನಿಯಮ ಹೇಳುವುದು: ತುದಿಚೀಲದ ಕಣ್ಣು 35 ಮಿ.ಮೀ. ಇರಬೇಕು, ಚೌಕಾಕಾರದಲ್ಲಿರಬೇಕು.

35 ಮಿ.ಮೀ. ಎಂದರೆ ಕಣ್ಣಿನ ಒಂದು ಬದಿಯ ಉದ್ದ ಎಂದು ಹೊಸಬರು ತಿಳಿಯುತ್ತಾರೆ. ಹಾಗಲ್ಲ. ಕಣ್ಣನ್ನು ಪೂರ್ತಿ ಎಳೆದು ಹಿಡಿದಾಗ ಎದುರುಬದುರು ಗಂಟುಗಳ ನಡುವೆ ಸಿಗುವ ಅಳತೆ ಅದು. ಹಾಗಾಗಿ ಒಂದೊಂದು ಬದಿ ಸುಮಾರು 17-18 ಮಿ.ಮೀ. ಮಾತ್ರ. ಅಳೆಯುವಾಗ ಬಲೆ ಒದ್ದೆಯಾಗಿರಬೇಕು. ಒಂದೇ ಕಣ್ಣು ಅಳೆದರೆ ಸಾಲದು, ಸಾಲಾಗಿ ಹಲವನ್ನು ಅಳೆದು ಸರಾಸರಿ ತೆಗೆಯಬೇಕು. ಹಳೆಯ ಬಲೆಯಲ್ಲಿ ಗಂಟು ಜರುಗಿ ಒಂದು ಕಣ್ಣು ಹಿರಿದು, ಪಕ್ಕದ್ದು ಕಿರಿದು ಆಗಿರುತ್ತದೆ.

ಚೌಕವೇ ಏಕೆ? ಮಾಮೂಲಿ ಬಲೆಯ ಕಣ್ಣು ವಜ್ರಾಕಾರದ್ದು. ಬೋಟು ಎಳೆಯತೊಡಗಿದೊಡನೆ ಬಲೆ ಉದ್ದಕ್ಕೆ ಜಗ್ಗಿ ಆ ಕಣ್ಣುಗಳು ಮುಚ್ಚಿಕೊಳ್ಳುತ್ತವೆ. ಮೀನು ತುಂಬಿ ಉಬ್ಬಿದ ಜಾಗದ ಮುಂದಿನ ಕೆಲವು ಸಾಲುಗಳಷ್ಟೇ ತೆರೆದಿರುತ್ತವೆ. ಕಾಗದದ ಮೇಲೆ ಕಣ್ಣು ಎಷ್ಟೇ ದೊಡ್ಡದಿದ್ದರೂ ನೀರಿನೊಳಗೆ ಅದು ಗೋಡೆ. ಅದೇ ಬಲೆಯನ್ನು 45 ಡಿಗ್ರಿ ತಿರುಗಿಸಿ ಕಟ್ಟಿದರೆ ಎಳೆತದ ಭಾರವನ್ನು ಉದ್ದದ ನೂಲುಗಳು ಹೊರುತ್ತವೆ, ಅಡ್ಡ ನೂಲುಗಳು ಸಡಿಲವಾಗಿದ್ದು ಕಣ್ಣು ತೆರೆದೇ ಇರುತ್ತದೆ. ಖರ್ಚು ದೊಡ್ಡದಲ್ಲ, ಬದಲಿಸಬೇಕಾದದ್ದು ತುದಿಚೀಲವನ್ನು ಮಾತ್ರ.

ಹಾಗಿದ್ದೂ ತಪ್ಪುವುದೆಲ್ಲಿ? ಮೊದಲನೆಯದಾಗಿ, ಚೌಕದ ಚೀಲದ ಒಳಗೆ ಸಣ್ಣ ಕಣ್ಣಿನ ಇನ್ನೊಂದು ಚೀಲ ಕಟ್ಟಿದರೆ ನಿಯಮ ಅಲ್ಲಿಗೇ ಮುಗಿಯಿತು. ಬಂದರಿನಲ್ಲಿ ತಪಾಸಣೆಗೆ ತೋರಿಸುವ ಬಲೆ ಒಂದು, ಕಡಲಿಗೆ ಇಳಿಯುವ ಬಲೆ ಇನ್ನೊಂದು ಆಗಬಹುದು. ಎರಡನೆಯದು ಮೀನಿನ ಆಕಾರ. ದುಂಡಗಿನ ಮೀನು ಚೌಕದಲ್ಲಿ ನುಸುಳುತ್ತದೆ, ಚಪ್ಪಟೆ ನಂಗಿಗೆ ವಜ್ರಾಕಾರವೇ ಅನುಕೂಲ, ಹಾವಿನಂತಿರುವ ಪಾಂಬೊಲ್ ದೊಡ್ಡದಾಗಿದ್ದರೂ ಜಾರಿಕೊಳ್ಳುತ್ತದೆ. ನಮ್ಮ ಟ್ರಾಲ್ ಬಲೆಗೆ ಒಂದೇ ಎಳೆತದಲ್ಲಿ ಹತ್ತಾರು ಜಾತಿ ಬೀಳುವಾಗ ಎಲ್ಲಕ್ಕೂ ಸರಿಹೊಂದುವ ಕಣ್ಣು ಇಲ್ಲ. ಮೂರನೆಯ ಕಾರಣವೇ ನಿಜವಾಗಿ ಗಟ್ಟಿಯಾದದ್ದು: ಒಬ್ಬ ಬೋಟಿನವ ಬಿಟ್ಟ ಮರಿಯನ್ನು ಪಕ್ಕದ ಬೋಟಿನವ ಹಿಡಿಯುತ್ತಾನೆ. ಮಂಗಳೂರಿನ ಬೋಟು ಕೇರಳ, ಗೋವಾ, ಮಹಾರಾಷ್ಟ್ರದ ಎದುರಿನ ಕಡಲಿಗೂ ಹೋಗುತ್ತದೆ. ಒಂದು ರಾಜ್ಯ ಬಿಗಿ ಮಾಡಿ ಇನ್ನೊಂದು ಸಡಿಲ ಬಿಟ್ಟರೆ ನಿಯಮ ಪಾಲಿಸಿದವನಿಗೇ ಪೆಟ್ಟು. ಇದನ್ನು ಗೊತ್ತಿದ್ದೂ ‘ಮೀನುಗಾರರಲ್ಲಿ ಅರಿವು ಮೂಡಿಸಬೇಕು’ ಎಂದು ವರದಿ ಬರೆದು ಮುಗಿಸುವವರು ಬೋಟು ನಡೆಸುವ ತಾಂಡೇಲನಿಗೆ ಅನ್ಯಾಯ ಮಾಡುತ್ತಾರೆ. ಅವನಿಗೆ ಅರಿವು ಬೇಕಾದಷ್ಟಿದೆ.

ಇದಕ್ಕೆ ಪರ್ಯಾಯವಾಗಿ ಕೇರಳ 2015ರಲ್ಲಿ 14 ಜಾತಿಗಳಿಗೆ ಕನಿಷ್ಠ ಗಾತ್ರ ನಿಗದಿ ಮಾಡಿತು, ಆಮೇಲೆ ಅದನ್ನು 58 ಜಾತಿಗಳಿಗೆ ವಿಸ್ತರಿಸಿತು. ಬೂತಾಯಿಗೆ (ಸಾರ್ಡಿನ್) 10 ಸೆಂ.ಮೀ., ಬಂಗುಡೆಗೆ 14 ಸೆಂ.ಮೀ. ಇದರ ಲಾಭವೆಂದರೆ ತಪಾಸಣೆ ಧಕ್ಕೆಯಲ್ಲೇ ಆಗುತ್ತದೆ, ಅಧಿಕಾರಿಗೆ ಒಂದು ಅಳತೆಪಟ್ಟಿ ಸಾಕು. ಕೊರತೆಯೂ ಅಷ್ಟೇ ಸ್ಪಷ್ಟ: ಧಕ್ಕೆಗೆ ಬರುವಾಗ ಮರಿ ಸತ್ತಾಗಿದೆ. ದಂಡದ ಭಯಕ್ಕೆ ಅದನ್ನು ಕಡಲಿನಲ್ಲೇ ಎಸೆದು ಬಂದರೆ ಲೆಕ್ಕಕ್ಕೂ ಸಿಗುವುದಿಲ್ಲ. ಇನ್ನೊಂದು ಸೂಕ್ಷ್ಮವಿದೆ. ಬೂತಾಯಿ ಮೊಟ್ಟೆಗೆ ಬರುವುದು ಸುಮಾರು 15 ಸೆಂ.ಮೀ. ಆದಾಗ. ಕಾನೂನು 10ಕ್ಕೆ ನಿಂತಿದೆ. ಆ ಐದು ಸೆಂಟಿಮೀಟರ್ ಅಂತರದಲ್ಲಿ ಜೀವವಿಜ್ಞಾನವೂ ದುಡಿಮೆಯ ಲೆಕ್ಕವೂ ಮಾಡಿಕೊಂಡ ರಾಜಿ ಅಡಗಿದೆ. ನೀತಿ ಓದುವುದೆಂದರೆ ಇಂಥ ಅಂತರ ಕಂಡಾಗ ಯಾರು, ಯಾಕೆ, ಏನು ಬಿಟ್ಟುಕೊಟ್ಟರು ಎಂದು ಕೇಳುವುದು.

ಹನ್ನೆರಡು ಮೈಲಿನ ಗೆರೆ

ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಮೀನುಗಾರಿಕೆ ಎರಡು ಕಡೆ ಇದೆ. ರಾಜ್ಯಪಟ್ಟಿಯ 21ನೆಯ ನಮೂದು ‘ಮೀನುಗಾರಿಕೆ’ ಎಂದಷ್ಟೇ ಹೇಳುತ್ತದೆ. ಕೇಂದ್ರಪಟ್ಟಿಯ 57ನೆಯ ನಮೂದು ಪ್ರಾದೇಶಿಕ ಜಲದ ಆಚೆಗಿನ ಮೀನುಗಾರಿಕೆಯನ್ನು ದೆಹಲಿಗೆ ಕೊಡುತ್ತದೆ. ಗೆರೆ ಬೀಳುವುದು 12 ನಾಟಿಕಲ್ ಮೈಲಿಗೆ, ಅಂದರೆ ಸುಮಾರು 22 ಕಿ.ಮೀ. ಗೆರೆಯ ಒಳಗೆ 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ. ಅಲ್ಲಿಂದ 200 ಮೈಲಿನವರೆಗೆ, ಸುಮಾರು 370 ಕಿ.ಮೀ., ಕೇಂದ್ರದ ವ್ಯಾಪ್ತಿ; ವಿಶೇಷ ಆರ್ಥಿಕ ವಲಯ ಎನ್ನುವುದು ಇದನ್ನೇ. ಮೀನಿಗೆ ಈ ಗೆರೆ ಗೊತ್ತಿಲ್ಲ, ಎಂಟು ಹತ್ತು ದಿನ ಕಡಲಲ್ಲಿರುವ ಬೋಟು ಒಂದೇ ಯಾನದಲ್ಲಿ ಅದನ್ನು ಹಲವು ಬಾರಿ ದಾಟುತ್ತದೆ.

ಲೈಟ್ ಫಿಶಿಂಗ್ ಗಲಾಟೆಯನ್ನು ಈ ಗೆರೆ ಬಿಟ್ಟು ಅರ್ಥ ಮಾಡಿಕೊಳ್ಳಲಾಗದು. ಜನರೇಟರ್ ಇಟ್ಟು ಪ್ರಖರ ಎಲ್‌ಇಡಿ ದೀಪ ಬೆಳಗಿದರೆ ಮೀನಿನ ಹಿಂಡು ಬೆಳಕಿಗೆ ಸೇರುತ್ತದೆ, ಸುತ್ತ ಬಲೆ ಹಾಕಿ ಎತ್ತುತ್ತಾರೆ. ಹಿಂಡಿನಲ್ಲಿ ಮರಿ, ತಾಯಿ ಎಂಬ ಭೇದವಿಲ್ಲ. ನಾಡದೋಣಿಯವರಿಗೆ ದಡದ ಹತ್ತಿರ ಬರಬೇಕಾದ ಮೀನು ಮೊದಲೇ ಹೋಗುತ್ತದೆ. ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲ್ ಕೂಡ ಹೀಗೇ. ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲಿ ಇವೆರಡನ್ನೂ ವಿಶೇಷ ಆರ್ಥಿಕ ವಲಯದಲ್ಲಿ ನಿಷೇಧಿಸಿತು. ಆದರೆ ಆ ವಲಯದಲ್ಲಿ ನಮ್ಮದೇ ಬೋಟುಗಳ ಮೀನುಗಾರಿಕೆಯನ್ನು ನಡೆಸುವ ಸಮಗ್ರ ನಿಯಮಗಳೇ ಬಹುಕಾಲ ಇರಲಿಲ್ಲ. 1981ರ ಕಾಯ್ದೆ ವಿದೇಶಿ ಹಡಗುಗಳಿಗಾಗಿ ಬಂದದ್ದು. 1976ರ ಕಡಲ ವಲಯಗಳ ಕಾಯ್ದೆ ಗೆರೆಗಳನ್ನು ಎಳೆಯಿತು, ಬಲೆಯ ತಂಟೆಗೆ ಹೋಗಲಿಲ್ಲ.

2025ರ ನವೆಂಬರ್‌ನಲ್ಲಿ ಕೇಂದ್ರ ಹೊರಡಿಸಿದ ವಿಶೇಷ ಆರ್ಥಿಕ ವಲಯದ ಮೀನುಗಾರಿಕೆ ನಿಯಮಗಳು ಈ ತೆರಪು ತುಂಬಲು ಹೊರಟಿವೆ. ಯಾಂತ್ರೀಕೃತ ಬೋಟುಗಳಿಗೆ ಬೋಟು ನೋಂದಣಿಯ ರಿಯಲ್‌ಕ್ರಾಫ್ಟ್ ಪೋರ್ಟಲ್ ಮೂಲಕ ಪ್ರವೇಶ ಪಾಸ್ ಬೇಕು, ಸಾಂಪ್ರದಾಯಿಕ ಮೀನುಗಾರರಿಗೆ ವಿನಾಯಿತಿ ಇದೆ, ಸಹಕಾರ ಸಂಘಗಳಿಗೆ ಆದ್ಯತೆ ಇದೆ, ಎಲ್‌ಇಡಿ ಮತ್ತು ಬುಲ್ ಟ್ರಾಲ್‌ಗೆ ನಿಷೇಧ ಇದೆ. ಈಗ ಪದವಿಯಲ್ಲಿರುವ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಅಧ್ಯಯನ ವಸ್ತು ಸಿಗದು. ಒಂದು ಬಂದರಿನಲ್ಲಿ ಎಷ್ಟು ಬೋಟುಗಳು ಪಾಸ್ ಪಡೆದವು, ಅರ್ಜಿ ಎಲ್ಲಿ ನಿಂತಿತು, ಮಾಲೀಕನ ಹೆಸರು ಮತ್ತು ನೋಂದಣಿ ಪತ್ರ ಹೊಂದದೆ ತಿರಸ್ಕೃತವಾದವು ಎಷ್ಟು ಎಂದು ಕುಳಿತು ಲೆಕ್ಕ ಹಾಕಿದರೆ ಅದೇ ಒಂದು ಪ್ರಬಂಧ. ಕೈ ಬದಲಾದ ಬೋಟಿನ ಕಾಗದ ಹಳೆಯ ಮಾಲೀಕನ ಹೆಸರಿನಲ್ಲೇ ಉಳಿಯುವುದು ಕರಾವಳಿಯಲ್ಲಿ ಹೊಸದೇನಲ್ಲ.

ಲೆಕ್ಕ ಎಲ್ಲಿಂದ ಬರುತ್ತದೆ

‘ಮೀನು ಕಡಿಮೆಯಾಗಿದೆ’ ಎಂಬ ಮಾತಿಗೆ ಆಧಾರ ಬೇಕು. ಭಾರತದಲ್ಲಿ ಆ ಆಧಾರ ಕೊಡುವುದು 1947ರಲ್ಲಿ ಸ್ಥಾಪನೆಯಾದ, ಈಗ ಕೊಚ್ಚಿಯಲ್ಲಿರುವ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ, ಎಲ್ಲರ ಬಾಯಲ್ಲಿ ಸಿಎಂಎಫ್‌ಆರ್‌ಐ. ಮಂಗಳೂರು ಮತ್ತು ಕಾರವಾರದಲ್ಲೂ ಅದರ ಕೇಂದ್ರಗಳಿವೆ. ಪ್ರತಿ ಬೋಟನ್ನೂ ಯಾರೂ ಎಣಿಸುವುದಿಲ್ಲ. ಬಂದರು, ದಿನ, ಬೋಟು ಹೀಗೆ ಹಂತಹಂತವಾಗಿ ಮಾದರಿ ಆರಿಸಿ, ಅಳೆದು, ಒಟ್ಟಿಗೆ ಏರಿಸುತ್ತಾರೆ.

ಇದನ್ನು ಸ್ವತಃ ಮಾಡಿ ಕಲಿಯಬಹುದು. ಒಂದು ಬೋಟು 500 ಕೆ.ಜಿ. ಬಂಗುಡೆ ಇಳಿಸಿತು ಎನ್ನಿ. ಅದರಿಂದ 25 ಕೆ.ಜಿ. ಮಾದರಿ ತೆಗೆದುಕೊಂಡರೆ ಏರಿಸುವ ಗುಣಕ 20. ಮಾದರಿಯ ಪ್ರತಿ ಮೀನಿನ ಉದ್ದವನ್ನು ಒಂದು ಸೆಂಟಿಮೀಟರ್ ವರ್ಗಗಳಲ್ಲಿ ಗುರುತು ಹಾಕುತ್ತ ಹೋಗಬೇಕು. 14ರ ವರ್ಗದಲ್ಲಿ 30 ಮೀನು ಸಿಕ್ಕರೆ ಆ ಬೋಟಿನಲ್ಲಿ ಆ ಗಾತ್ರದವು ಸುಮಾರು 600. ಹೀಗೆ ತಿಂಗಳಿಂದ ತಿಂಗಳಿಗೆ ಉದ್ದದ ಗುಂಪು ಮುಂದಕ್ಕೆ ಸರಿಯುವುದನ್ನು ನೋಡಿ ಬೆಳವಣಿಗೆಯ ವೇಗ ಅಂದಾಜಿಸುತ್ತಾರೆ. ಚಳಿಯ ದೇಶಗಳಲ್ಲಿ ಮೀನಿನ ಕಿವಿಯ ಕಲ್ಲಿನಲ್ಲಿ ಮರದಂತೆ ವರ್ಷದ ಉಂಗುರ ಮೂಡುತ್ತದೆ. ನಮ್ಮಲ್ಲಿ ಚಳಿಗಾಲವೆಂಬ ತಡೆ ಇಲ್ಲದ್ದರಿಂದ ಆ ಉಂಗುರ ಅಷ್ಟು ಸ್ಪಷ್ಟವಿಲ್ಲ, ಉದ್ದವನ್ನೇ ನಂಬಬೇಕು. ಆಮೇಲೆ ಒಟ್ಟು ಸಾವಿನ ದರವನ್ನು ಸಹಜ ಸಾವು, ಬಲೆಯ ಸಾವು ಎಂದು ಬೇರ್ಪಡಿಸುತ್ತಾರೆ. ಒಟ್ಟಿನಲ್ಲಿ ಬಲೆಯ ಪಾಲು ಅರ್ಧ ದಾಟಿದರೆ ಎಚ್ಚರಿಕೆ.

ತಪ್ಪುವ ಜಾಗಗಳು ಇಲ್ಲೂ ಇವೆ. ಧಕ್ಕೆಗೆ ಬರುವ ಮೊದಲೇ ಕಲಾಸಿಗಳು (ಬೋಟಿನ ಕೆಲಸಗಾರರು) ಗಾತ್ರವಾರು ಬೇರ್ಪಡಿಸಿರುತ್ತಾರೆ, ಏಲಂ ಬುಟ್ಟಿಯಿಂದ ಮಾತ್ರ ಮಾದರಿ ತೆಗೆದರೆ ಮೀನೆಲ್ಲ ದೊಡ್ಡದಾಗಿಯೇ ಕಾಣುತ್ತದೆ. ಫಿಶ್‌ಮೀಲ್ ಲಾರಿಯನ್ನು ಅಳೆಯದೆ ಬರೆದ ಲೆಕ್ಕ ಅರ್ಧ ಲೆಕ್ಕ. ಹತ್ತು ದಿನದ ಯಾನದ ಮೀನಿನಲ್ಲಿ ಯಾವುದು ಎಲ್ಲಿ ಸಿಕ್ಕಿತು ಎಂಬುದು ತಾಂಡೇಲನ ನೆನಪಿನಲ್ಲಿ ಮಾತ್ರ ಇರುತ್ತದೆ. ಮೂತಿಯಿಂದ ಬಾಲದ ತುದಿಗೆ ಅಳೆದರೋ, ಬಾಲ ಕವಲೊಡೆಯುವ ಜಾಗಕ್ಕೆ ಅಳೆದರೋ ಎಂದು ಬರೆದಿಡದಿದ್ದರೆ ಎರಡು ವರ್ಷದ ದತ್ತಾಂಶ ಒಂದಕ್ಕೊಂದು ಕೂಡುವುದಿಲ್ಲ.

ಅಂಕಿಯನ್ನು ಓದುವ ಬಗೆಯನ್ನೂ ಕಲಿಯಬೇಕು. ಸಿಎಂಎಫ್‌ಆರ್‌ಐಯ 2022ರ ವರದಿಯಂತೆ ಪರಿಶೀಲಿಸಿದ 135 ಮೀನು ಸಂಗ್ರಹಗಳಲ್ಲಿ (ಒಂದು ಪ್ರದೇಶದ ಕಡಲಲ್ಲಿರುವ ಒಂದು ಜಾತಿಯ ಒಟ್ಟು ಮೀನು) ಶೇ 91.1 ಸುಸ್ಥಿರ ಸ್ಥಿತಿಯಲ್ಲಿದ್ದವು. ಅದಕ್ಕೆ ಒಂದು ವರ್ಷ ಹಿಂದೆ, 2021ರಲ್ಲಿ, ಕೇರಳದಲ್ಲಿ ಬೂತಾಯಿ ಸಿಕ್ಕಿದ್ದು 3,297 ಟನ್. 2012ರಲ್ಲಿ ಅದೇ ಕರಾವಳಿಗೆ ಸುಮಾರು ನಾಲ್ಕು ಲಕ್ಷ ಟನ್ ಬಂದಿತ್ತು. ಎರಡೂ ಮಾತು ಒಟ್ಟಿಗೆ ನಿಜವಾಗಬಲ್ಲವು. ಬೂತಾಯಿ ಎರಡೂವರೆ ವರ್ಷ ಬದುಕುವ ಮೀನು. ಮಳೆಗಾಲದಲ್ಲಿ ತಳದ ತಣ್ಣೀರು ಮೇಲೇಳುವುದು ಏರುಪೇರಾದರೆ, ಕಡಲು ಬಿಸಿಯಾದರೆ ಅದರ ಸಂಖ್ಯೆ ಧಿಡೀರನೆ ಕುಸಿಯುತ್ತದೆ, ಹಾಗೆಯೇ ಏರುತ್ತದೆ. ಬಲೆಯ ತಪ್ಪು ಎಷ್ಟು, ನೀರಿನ ತಪ್ಪು ಎಷ್ಟು ಎಂದು ಬೇರ್ಪಡಿಸದೆ ನೀತಿ ಮಾಡಿದರೆ ಒಳ್ಳೆಯ ವರ್ಷದಲ್ಲಿ ಅದನ್ನು ಮರೆಯುತ್ತಾರೆ, ಕೆಟ್ಟ ವರ್ಷದಲ್ಲಿ ಮೀನುಗಾರನನ್ನು ದೂರುತ್ತಾರೆ. ಕರ್ನಾಟಕದ ಮಟ್ಟಿಗೆ ಇದು ಸಣ್ಣ ವಿಷಯವಲ್ಲ; 2022ರಲ್ಲಿ ರಾಜ್ಯದ ಕಡಲ ಮೀನು ಸುಮಾರು 7 ಲಕ್ಷ ಟನ್ ಇತ್ತು.

ಅಮೆರಿಕದ ಆಮೆ, ಜಿನೀವಾದ ಡೀಸೆಲ್

ನಮ್ಮ ಧಕ್ಕೆಯ ದರ ಈಗ ಹೊರಗಿನ ಕಾನೂನಿನಿಂದಲೂ ನಿರ್ಧಾರವಾಗುತ್ತದೆ. ಸಿಗಡಿ ಬಲೆಗೆ ಕಡಲಾಮೆ ಸಿಕ್ಕರೆ ಅದು ಮುಳುಗಿ ಸಾಯುತ್ತದೆ. ಆಮೆ ಶ್ವಾಸಕೋಶದಲ್ಲಿ ಉಸಿರಾಡುವ ಜೀವಿ, ಬಲೆ ಎರಡು ಮೂರು ಗಂಟೆ ನೀರಿನೊಳಗೇ ಇರುತ್ತದೆ. ಇದಕ್ಕೆ ಪರಿಹಾರವಾಗಿ ತುದಿಚೀಲದ ಮುಂದೆ ಲೋಹದ ಜಾಲರಿ ಕೂಡಿಸುತ್ತಾರೆ, ಟೆಡ್ ಎಂದು ಕರೆಯುವುದು ಇದನ್ನೇ. ಸರಳುಗಳ ನಡುವಿನ ತೆರಪು ನಾಲ್ಕು ಇಂಚು ಮೀರಬಾರದು, ಜಾಲರಿ 30ರಿಂದ 55 ಡಿಗ್ರಿ ಓರೆಯಾಗಿರಬೇಕು. ಸಿಗಡಿ ಸರಳಿನ ನಡುವೆ ಹಿಂದಕ್ಕೆ ಹೋಗುತ್ತದೆ, ಆಮೆ ಜಾರಿ ಮುಚ್ಚಳದಿಂದ ಹೊರಗೆ. ಕೋನ ಕಡಿದಾದರೆ ಆಮೆ ಸರಳಿಗೇ ಒತ್ತಿಕೊಂಡು ಸಿಕ್ಕಿಬೀಳುತ್ತದೆ; ತೀರಾ ಮಲಗಿದರೆ ಸಿಗಡಿಯೂ ಮುಚ್ಚಳದಿಂದ ಹೊರಹೋಗುತ್ತದೆ. ಬೋಟಿನವರ ಅಂಜಿಕೆ ಎರಡನೆಯದು.

ಟೆಡ್ ಇಲ್ಲದೆ ಹಿಡಿದ ಸಿಗಡಿ ಬೇಡ ಎಂದು ಅಮೆರಿಕ 1989ರಲ್ಲೇ ಕಾನೂನು ಮಾಡಿತು. ಭಾರತ, ಮಲೇಷ್ಯಾ, ಪಾಕಿಸ್ತಾನ, ಥಾಯ್ಲೆಂಡ್ ಸೇರಿ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟವು. 1998ರ ತೀರ್ಪು ದೂರು ಕೊಟ್ಟವರ ಪರ ಬಂತು. ಆದರೆ ಅದರ ಒಳತಿರುಳು ಬೇರೆ: ಅಮೆರಿಕ ತಾರತಮ್ಯ ಮಾಡಿದ್ದು ತಪ್ಪು ಎಂದಿತೇ ಹೊರತು ಆಮೆ ಉಳಿಸಲು ಆಮದು ತಡೆಯುವುದೇ ತಪ್ಪು ಎನ್ನಲಿಲ್ಲ. ಅಮೆರಿಕ ಜಾರಿಯ ವಿಧಾನ ತಿದ್ದಿಕೊಂಡು ಕಾನೂನು ಉಳಿಸಿಕೊಂಡಿತು. 2019ರಿಂದ ಭಾರತದ ಕಡಲ ಸಿಗಡಿಗೆ ಅಲ್ಲಿ ಬಾಗಿಲು ಮುಚ್ಚಿದೆ. ಹೊಂಡದ ವನ್ನಾಮಿ ಸಿಗಡಿಗೆ ಈ ತಡೆ ಇಲ್ಲ. ತೀರ್ಪನ್ನು ಪತ್ರಿಕೆಯ ತಲೆಬರಹದಲ್ಲಿ ಓದಿದವರು ಗೆದ್ದೆವು ಅಂದುಕೊಂಡರು. ಪೂರ್ತಿ ಓದಿದವರಿಗೆ ಬಲೆ ಬದಲಿಸಲು ಆಗಲೇ ಶುರು ಮಾಡಬೇಕಿತ್ತು ಎಂದು ಗೊತ್ತಾಗುತ್ತಿತ್ತು. ಎರಡು ದಶಕ ನಮ್ಮ ಕೈಯಲ್ಲಿತ್ತು.

ಯುರೋಪಿಗೆ ಹೋಗುವ ಮೀನಿಗೆ 2010ರಿಂದ ಯಾವ ಬೋಟು ಹಿಡಿದದ್ದು ಎಂಬ ಪ್ರಮಾಣಪತ್ರ ಬೇಕು. ಹಾಗಾಗಿ ಹಲವು ಬೋಟುಗಳ ಮೀನು ಒಂದೇ ರಾಶಿಯಾದಲ್ಲಿ ಕಾಗದದ ಸರಪಳಿ ಕಡಿಯುತ್ತದೆ.

ಇನ್ನು ಸಬ್ಸಿಡಿ. ವಿಶ್ವ ವ್ಯಾಪಾರ ಸಂಸ್ಥೆಯ ಮೀನುಗಾರಿಕೆ ಸಬ್ಸಿಡಿ ಒಪ್ಪಂದ 2022ರ ಜೂನ್ 17ರಂದು ಅಂಗೀಕಾರವಾಗಿ 2025ರ ಸೆಪ್ಟೆಂಬರ್ 15ರಂದು ಜಾರಿಗೆ ಬಂತು. ಅಕ್ರಮ ಮೀನುಗಾರಿಕೆಗೆ, ಬರಿದಾದ ಸಂಗ್ರಹಕ್ಕೆ ನೆರವು ಕೊಡಬಾರದು ಎಂಬುದು ಈ ಭಾಗ. ಬೋಟುಗಳ ಸಾಮರ್ಥ್ಯ ಹೆಚ್ಚಿಸುವ ಸಬ್ಸಿಡಿಯ ಮಾತು ಇನ್ನೂ ಮುಗಿದಿಲ್ಲ, ನಮಗೆ ತಟ್ಟುವುದು ಅದೇ. ಕರ್ನಾಟಕ 2023ರಲ್ಲಿ ಬೋಟುಗಳ ತೆರಿಗೆರಹಿತ ಡೀಸೆಲ್ ಮಿತಿಯನ್ನು 1.5 ಲಕ್ಷ ಕಿಲೋಲೀಟರ್‌ನಿಂದ 2 ಲಕ್ಷ ಕಿಲೋಲೀಟರ್‌ಗೆ ಏರಿಸಿತು. ದೂರದ ಕಡಲಲ್ಲಿ ಭಾರೀ ಹಡಗು ಓಡಿಸುವ ದೇಶಗಳ ಸಬ್ಸಿಡಿಯನ್ನೂ ಗಂಗೊಳ್ಳಿಯ ಬೋಟಿನ ಡೀಸೆಲನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು, ಅಭಿವೃದ್ಧಿಶೀಲ ದೇಶಗಳಿಗೆ 25 ವರ್ಷ ಸಮಯ ಬೇಕು ಎಂಬುದು ಭಾರತದ ವಾದ. ವಾದ ನ್ಯಾಯವಾದದ್ದೇ. ಆದರೆ ಅದನ್ನು ವ್ಯಾಪಾರ ಸಂಸ್ಥೆಯ ಮಾತುಕತೆ ನಡೆಯುವ ಜಿನೀವಾದಲ್ಲಿ ಗಟ್ಟಿಯಾಗಿ ನಿಲ್ಲಿಸಲು ಒಂದು ಬೋಟು ಒಂದು ಯಾನಕ್ಕೆ ಎಷ್ಟು ಡೀಸೆಲ್ ಸುಡುತ್ತದೆ, ಸಬ್ಸಿಡಿ ಇಲ್ಲದಿದ್ದರೆ ಎಷ್ಟು ಯಾನ ನಷ್ಟಕ್ಕೆ ಹೋಗುತ್ತದೆ, ಆ ನಷ್ಟ ಮಾಲೀಕನದೋ ಪಾಲಿನ ಮೇಲೆ ದುಡಿಯುವ ಕಲಾಸಿಯದೋ ಎಂಬ ಅಂಕಿ ಬೇಕು. ಅದನ್ನು ಕೂಡಿಸಬಲ್ಲವರು ಬಂದರಿನ ಭಾಷೆ ಬಲ್ಲ ವಿದ್ಯಾರ್ಥಿಗಳೇ.

ಎಲ್ಲಿ ಓದುವುದು

ಬಿಎಫ್‌ಎಸ್‌ಸಿ ನಂತರ ದೇಶದೊಳಗೆ ಮೊದಲು ನೋಡಬೇಕಾದದ್ದು ಮುಂಬೈನ ಕೇಂದ್ರೀಯ ಮೀನುಗಾರಿಕೆ ಶಿಕ್ಷಣ ಸಂಸ್ಥೆ. 1961ರಲ್ಲಿ ಹುಟ್ಟಿ 1989ರಿಂದ ಪರಿಗಣಿತ ವಿಶ್ವವಿದ್ಯಾಲಯವಾಗಿರುವ ಇಲ್ಲಿ ಸಂಪನ್ಮೂಲ ನಿರ್ವಹಣೆ ಮತ್ತು ಮೀನುಗಾರಿಕೆ ಅರ್ಥಶಾಸ್ತ್ರ ಎರಡಕ್ಕೂ ಸ್ನಾತಕೋತ್ತರ ಪದವಿ, ಎಂಎಫ್‌ಎಸ್‌ಸಿ, ಇದೆ. ನೀತಿಯತ್ತ ಒಲವಿರುವವರು ಒಂದನ್ನು ಮುಖ್ಯವಾಗಿ ಆರಿಸಿ ಇನ್ನೊಂದರ ವಿಷಯಗಳನ್ನು ಪೂರಕವಾಗಿ ತೆಗೆದುಕೊಳ್ಳುವುದು ಜಾಣತನ. ಕೊಚ್ಚಿಯಲ್ಲಿ ಕೇರಳದ ಮೀನುಗಾರಿಕೆ ಮತ್ತು ಸಾಗರ ಅಧ್ಯಯನ ವಿಶ್ವವಿದ್ಯಾಲಯ ಇದೆ, ಕೊಚ್ಚಿನ್ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ (ಕುಸಾಟ್) ಕೈಗಾರಿಕಾ ಮೀನುಗಾರಿಕೆ ವಿಭಾಗವಿದೆ. ಬಿಎಸ್‌ಸಿ ಓದಿದವರಿಗೆ ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವವಿಜ್ಞಾನ ವಿಭಾಗ ಹತ್ತಿರದ ಬಾಗಿಲು. ಮೀನುಗಾರಿಕೆ ಪದವಿಯ ಮೇಲೆ ಮೂರು ವರ್ಷದ ಎಲ್‌ಎಲ್‌ಬಿ ಮಾಡುವ ದಾರಿ ನಮ್ಮಲ್ಲಿ ಬಹಳ ಕಡಿಮೆ ಜನ ಹಿಡಿಯುತ್ತಾರೆ. ಕರಾವಳಿ ನಿಯಂತ್ರಣ ವಲಯ, ಬಂದರು ಯೋಜನೆ, ಮೀನುಗಾರರ ಜಾಗದ ಹಕ್ಕು ಈ ಪ್ರಕರಣಗಳು ಹೈಕೋರ್ಟಿಗೆ ಹೋದಾಗ ಎರಡೂ ಬಲ್ಲವರಿಗಾಗಿ ಹುಡುಕಾಟ ನಡೆಯುತ್ತದೆ. ಅದರಿಂದ ಈ ದಾರಿಯನ್ನು ನಾವು ಒತ್ತಿ ಹೇಳುತ್ತೇವೆ.

ಹೊರದೇಶದಲ್ಲಿ ಸ್ವೀಡನ್‌ನ ಮಾಲ್ಮೋದ ವಿಶ್ವ ಕಡಲ ವಿಶ್ವವಿದ್ಯಾಲಯ, ನಾರ್ವೆಯ ಟ್ರೋಮ್ಸೋ, ಅಮೆರಿಕದ ರೋಡ್ ಐಲೆಂಡ್ ಮತ್ತು ವಾಷಿಂಗ್ಟನ್ ವಿಶ್ವವಿದ್ಯಾಲಯಗಳು, ಕೆನಡಾದ ಡಾಲ್‌ಹೌಸಿ ಈ ವಿಷಯಕ್ಕೆ ಹೆಸರಾದವು. ನಾರ್ವೆ 2023ರಿಂದ ಯುರೋಪಿನ ಹೊರಗಿನ ವಿದ್ಯಾರ್ಥಿಗಳಿಗೆ ಶುಲ್ಕ ಹಾಕಿದೆ; ಅಲ್ಲಿ ಓದು ಉಚಿತ ಎಂಬ ಹಳೆಯ ಸಲಹೆಯನ್ನು ನಂಬಿ ಹೊರಡಬೇಡಿ. ಅಲ್ಲಿನ ಪಾಠದ ಬಗ್ಗೆಯೂ ಒಂದು ಎಚ್ಚರ ಬೇಕು. ಉತ್ತರ ಅಟ್ಲಾಂಟಿಕ್‌ನಲ್ಲಿ ಕೋಟಾ ಪದ್ಧತಿ ನಡೆಯುತ್ತದೆ: ಇಷ್ಟು ಟನ್ ಕಾಡ್, ಇಷ್ಟು ಟನ್ ಹೆರಿಂಗ್ ಎಂದು ಹಂಚುತ್ತಾರೆ. ಬೋಟು ಕೆಲವೇ ಜಾತಿಗೆ ಹೋಗುತ್ತದೆ, ಇಳಿಸುವ ಬಂದರು ಲೆಕ್ಕದಲ್ಲಿರುತ್ತದೆ. ಅಲ್ಲೂ ಲೆಕ್ಕ ತಪ್ಪಿ ಕೆನಡಾ 1992ರಲ್ಲಿ ನ್ಯೂಫೌಂಡ್‌ಲೆಂಡ್‌ನ ಕಾಡ್ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ಒಂದೇ ಎಳೆತದಲ್ಲಿ ನಾನಾ ಜಾತಿ ಬೀಳುವ ನಮ್ಮ ಕಡಲಿಗೆ, ಸಣ್ಣಪುಟ್ಟ ಇಳಿದಾಣಗಳು ಸಾಲುಗಟ್ಟಿರುವ ನಮ್ಮ ದಡಕ್ಕೆ ಆ ಕೋಟಾವನ್ನು ಹಾಗೇ ತಂದು ಕೂರಿಸಲಾಗದು. ಇಲ್ಲಿ ನಿಯಂತ್ರಣ ಬೀಳುವುದು ಬೋಟಿನ ಸಂಖ್ಯೆ, ಬಲೆ, ಋತು ಮತ್ತು ಜಾಗದ ಮೇಲೆ. ಅಲ್ಲಿಂದ ಕಲಿತು ಬರಬೇಕಾದದ್ದು ಸಂಗ್ರಹ ಅಂದಾಜಿನ ಗಣಿತ, ಒಪ್ಪಂದದ ಕರಡು ಓದುವ ಶಿಸ್ತು, ಮೀನುಗಾರರನ್ನು ಸಮಿತಿಯಲ್ಲಿ ಕೂರಿಸಿ ತೀರ್ಮಾನ ಮಾಡುವ ರೂಢಿ.

ಕೆಲಸದ ವಿಚಾರ ಚುಟುಕಾಗಿ: ಮೀನುಗಾರಿಕೆ ಇಲಾಖೆಯ ಸಹಾಯಕ ನಿರ್ದೇಶಕ ಹುದ್ದೆ, ಕೃಷಿ ವಿಜ್ಞಾನಿಗಳ ನೇಮಕಾತಿ ಮಂಡಳಿಯ ಪರೀಕ್ಷೆ, ಸಾಗರೋತ್ಪನ್ನ ರಫ್ತು ಪ್ರಾಧಿಕಾರ, ನಬಾರ್ಡ್, ಬ್ಯಾಂಕಿನ ಕೃಷಿ ಅಧಿಕಾರಿ ಹುದ್ದೆ. ‘ಕಡಲ ನೀತಿ ತಜ್ಞ’ ಎಂಬ ಫಲಕದ ಕೆಲಸ ವಿರಳ. ಈ ಹುದ್ದೆಗಳಲ್ಲಿ ಯಾವುದರಲ್ಲಿ ಕೂತರೂ ಮೇಜಿನ ಮೇಲೆ ಬರುವ ಕಡತ ಮಾತ್ರ ನೀತಿಯದೇ.

ಪದವಿಯಲ್ಲಿರುವಾಗಲೇ ಕೈಗೆತ್ತಿಕೊಳ್ಳಬಹುದಾದ ಒಂದು ಕೆಲಸ ಹೇಳಬೇಕು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟು ಕಡಲಿಗೆ ಇಳಿಯುವಂತಿಲ್ಲ. ಮೀನಿನ ಕೆಲಸವಿಲ್ಲವೆಂದು ವಿದ್ಯಾರ್ಥಿಗಳೂ ಆಗ ಧಕ್ಕೆಯ ಕಡೆ ಸುಳಿಯುವುದಿಲ್ಲ. ಆದರೆ ಬಲೆಗಳೆಲ್ಲ ದಡಕ್ಕೆ ಬಂದು ಹರಡಿಕೊಳ್ಳುವುದು ಆಗಲೇ. ಬಲೆ ಹೆಣೆಯುವವರು ಶೆಡ್ಡಿನಲ್ಲಿ ಕೂತು ಹರಿದದ್ದನ್ನು ಕಟ್ಟುತ್ತಾರೆ, ಮಾತಿಗೆ ಪುರುಸೊತ್ತಿರುತ್ತದೆ. ಒಂದು ಅಳತೆಪಟ್ಟಿ, ಒಂದು ಬಕೆಟ್ ನೀರು, ಒಂದು ನೋಟ್‌ಬುಕ್ ಹಿಡಿದು ಹೋಗಿ. ಪ್ರತಿ ತುದಿಚೀಲದಲ್ಲಿ ಇಪ್ಪತ್ತು ಕಣ್ಣು ಒದ್ದೆ ಮಾಡಿ ಅಳೆಯಿರಿ. ಚೌಕವೋ ವಜ್ರವೋ, ಒಳಚೀಲ ಇದೆಯೋ, ನೂಲಿನ ದಪ್ಪವೆಷ್ಟು, ಈ ಕಣ್ಣನ್ನೇ ಏಕೆ ಆರಿಸಿದರು ಎಂದು ಕೇಳಿ ಬರೆದುಕೊಳ್ಳಿ. ಬೋಟಿನ ಸಂಖ್ಯೆ ಬರೆಯಬೇಡಿ, ಬರೆದರೆ ಯಾರೂ ನಿಜ ಹೇಳುವುದಿಲ್ಲ. ಐವತ್ತು ಬಲೆ ಮುಗಿಯುವಷ್ಟರಲ್ಲಿ ಆಗಸ್ಟ್ ಬಂದಿರುತ್ತದೆ.